ಕ್ರಿಸ್ತಜಯಂತಿ: ಹುಟ್ಟಿನ ಹಬ್ಬದಲ್ಲಿ ಬಲಿದಾನದ ಅರ್ಥ

ಯೇಸುಕ್ರಿಸ್ತನ ಜನನವನ್ನು ನೆನೆದು ಕ್ರೈಸ್ತರು ಡಿಸೆಂಬರ್ 25ರಂದು ಆಚರಿಸುವ ಹಬ್ಬ ಕ್ರಿಸ್ತಜಯಂತಿ ಅಥವಾ ಕ್ರಿಸ್‌ಮಸ್. ಹಳೆಯ ಜೂಲಿಯನ್ ಪಂಚಾಂಗವನ್ನು ಬಿಡದ ಕೆಲವು ಪೂರ್ವದ ಸಭೆಗಳಿಗೆ ಈಗ ಅದು ಜನವರಿ 7ಕ್ಕೆ ಬೀಳುತ್ತದೆ. ಆರ್ಮೇನಿಯದ ಸಭೆ ಜನವರಿ 6ನ್ನೇ ಉಳಿಸಿಕೊಂಡಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87ರಷ್ಟು ಮಾತ್ರ. ಆದರೂ ಬಾಗಿಲಿಗೆ ತೂಗುವ ನಕ್ಷತ್ರ, ಕೇಕು, ಮನೆಮನೆಗೆ ಬರುವ ಹಾಡಿನ ತಂಡ ಇವುಗಳಿಂದಾಗಿ ಹಬ್ಬ ಎಲ್ಲರಿಗೂ ಪರಿಚಿತ. ಪರಿಚಯ ಇಷ್ಟಕ್ಕೇ ನಿಂತರೆ ಇದು ಒಬ್ಬ ಮಹಾಪುರುಷನ ಹುಟ್ಟುಹಬ್ಬದಂತೆ, ರಾಮನವಮಿ, ಬುದ್ಧಪೂರ್ಣಿಮೆ, ಬಸವಜಯಂತಿಗಳ ಸಾಲಿಗೆ ಸೇರುವ ಇನ್ನೊಂದು ಜಯಂತಿಯಂತೆ ಕಾಣುತ್ತದೆ. ಕ್ರೈಸ್ತ ಪರಂಪರೆ ಒಳಗಿನಿಂದ ಇದನ್ನು ನೋಡಿದ ಬಗೆ ಬೇರೆ. ಆ ಪರಂಪರೆಯ ಗ್ರಂಥಗಳು, ಪಂಚಾಂಗ, ಚಿತ್ರಗಳು, ಪೂಜಾವಿಧಿ ಎಲ್ಲವೂ ಹುಟ್ಟನ್ನು ಸಾವಿನ ಕಡೆಯಿಂದ ಓದುತ್ತವೆ. ದೇವರು ತನ್ನನ್ನು ತಾನೇ ಕೊಟ್ಟುಕೊಳ್ಳುವ ಕೆಲಸ ಶಿಲುಬೆಯಲ್ಲಿ ಮುಗಿಯುವುದಾದರೂ ಮೊದಲಾಗುವುದು ಗೋದಲಿಯಲ್ಲಿ, ಎಂದರೆ ಮಗು ಮಲಗಿದ ಮೇವಿನ ತೊಟ್ಟಿಯಲ್ಲಿ, ಎಂಬುದೇ ಈ ಹಬ್ಬದ ತಿರುಳು. ಇದಕ್ಕೆ ಆಧಾರಗಳೇನು, ಇದರ ಮೇಲೆ ಬಂದಿರುವ ಆಕ್ಷೇಪಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಹಾಸನ ಜಿಲ್ಲೆಯ ಸಕಲೇಶಪುರ–ಆಲೂರು ಸೀಮೆಯ ಆಚರಣೆಯನ್ನು ಎದುರಿಗಿಟ್ಟುಕೊಂಡು ಇಲ್ಲಿ ನೋಡಲಾಗಿದೆ.

ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿರುವ ಹಾನುಬಾಳು ಒಂದು ಹೋಬಳಿ ಕೇಂದ್ರ. ಸುತ್ತ ಕಾಫಿ, ಕಾಳುಮೆಣಸು, ಏಲಕ್ಕಿ, ತಗ್ಗುಗಳಲ್ಲಿ ಭತ್ತದ ಗದ್ದೆ. ಇಲ್ಲಿನ ಕ್ರೈಸ್ತರು ಒಂದೇ ಕಡೆಯಿಂದ ಬಂದವರಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದು ತೋಟದ ಲೆಕ್ಕ ಬರೆಯುವ ರೈಟರುಗಳಾಗಿ, ಕುಶಲಕರ್ಮಿಗಳಾಗಿ, ಕೆಲವರು ತೋಟದ ಮಾಲೀಕರೂ ಆಗಿ ನೆಲೆ ನಿಂತ ಕೊಂಕಣಿ ಮಾತಿನ ಕ್ಯಾಥೊಲಿಕರಿದ್ದಾರೆ. ತೋಟದ ಕೆಲಸಕ್ಕೆಂದು ಬಂದು ಲೈನು ಮನೆಗಳಲ್ಲಿ ಉಳಿದ ತಮಿಳು ಮಾತಿನವರಿದ್ದಾರೆ. ಹಾಸನದ ಬಯಲುಸೀಮೆ ಕಡೆಯ ಹಳೆಯ ಕನ್ನಡ ಕ್ಯಾಥೊಲಿಕ್ ಮನೆತನಗಳವರೂ ಪ್ರಾಟೆಸ್ಟಂಟರೂ ಇದ್ದಾರೆ. ಕ್ಯಾಥೊಲಿಕರ ಮಟ್ಟಿಗೆ ಈ ಪ್ರದೇಶ 1963ರಲ್ಲಿ ರೂಪುಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಹಬ್ಬ ಬರುವುದು ಅರೇಬಿಕಾ ಹಣ್ಣಿನ ಕುಯ್ಲಿನ ನಡುವೆ. ಗಿಡದಲ್ಲಿ ಹಣ್ಣು ಕಾಯುವುದಿಲ್ಲ, ಪಲ್ಪರ್ ನಿಲ್ಲುವುದಿಲ್ಲ, ಕಣದಲ್ಲಿ ಹರಡಿದ ಬೀಜವನ್ನು ಸಂಜೆ ಮಂಜು ಬೀಳುವ ಮುನ್ನ ರಾಶಿ ಮಾಡಿ ಮುಚ್ಚಲೇಬೇಕು. ಯುರೋಪಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ ಹೊಲದ ಕೆಲಸವಿಲ್ಲದ ಚಳಿಗಾಲದ ಹಬ್ಬ. ಇಲ್ಲಿ ವರ್ಷದಲ್ಲೇ ಕೈ ಬಿಡುವಿಲ್ಲದ ದಿನಗಳ ಹಬ್ಬ. ಹಾಗಾಗಿ ಗೋದಲಿಯ ತಯಾರಿ ರಾತ್ರಿ ಹೊತ್ತಿನ ಕೆಲಸ. ಬಿದಿರಿನ ಗಳ, ಭತ್ತದ ಹುಲ್ಲು, ಮರದ ಕಾಂಡದಿಂದ ಬಿಡಿಸಿ ತಂದ ಹಸಿರು ಪಾಚಿ, ಹತ್ತು ಹದಿನೈದು ದಿನ ಮೊದಲೇ ತಟ್ಟೆಯಲ್ಲಿ ಮೊಳಕೆ ಹಾಕಿ ಬೆಳೆಸಿದ ರಾಗಿ ಅಥವಾ ಭತ್ತದ ಸಸಿ, ಇವಿಷ್ಟರಿಂದ ಬೆತ್ಲೆಹೇಮ್ ಒಂದು ಮಲೆನಾಡಿನ ಕೊಟ್ಟಿಗೆಯಾಗಿ ಎದ್ದು ನಿಲ್ಲುತ್ತದೆ. ದನ, ಕುರಿ, ಕುರುಬರು, ಜೋಸೆಫ್, ಮರಿಯ ಎಲ್ಲರೂ ತಮ್ಮ ಜಾಗದಲ್ಲಿರುತ್ತಾರೆ. ಮಗುವಿನ ಜಾಗ ಮಾತ್ರ ಇಪ್ಪತ್ತನಾಲ್ಕರ ರಾತ್ರಿಯ ಬಲಿಪೂಜೆಯವರೆಗೆ ಖಾಲಿ. ಚರ್ಚಿನಲ್ಲಿ ಆ ಗೋದಲಿ ಇರುವುದು ಬಲಿಪೀಠದ ಮಗ್ಗುಲಲ್ಲೇ. ಹುಟ್ಟನ್ನು ಕೊಂಡಾಡಲು ಸೇರಿದ ಜನ, ಸಾವಿನ ಹಿಂದಿನ ರಾತ್ರಿ ಯೇಸು ರೊಟ್ಟಿ ಮುರಿದು ಕೊಟ್ಟದ್ದನ್ನು ಅದೇ ಹೊತ್ತಿನಲ್ಲಿ ಸ್ಮರಿಸುತ್ತಾರೆ. ಈ ಎರಡು ಅಕ್ಕಪಕ್ಕ ಬಂದದ್ದು ಆಕಸ್ಮಿಕವಲ್ಲ.

ಮೊದಲು ಗ್ರಂಥಗಳ ಸಾಕ್ಷ್ಯ. ಹೊಸ ಒಡಂಬಡಿಕೆಯಲ್ಲಿ ನಾಲ್ಕು ಸುವಾರ್ತೆಗಳಿದ್ದರೂ ಯೇಸುವಿನ ಜನನವನ್ನು ಕಥೆಯಾಗಿ ಹೇಳುವವು ಮತ್ತಾಯ, ಲೂಕ ಎರಡೇ. ಎಲ್ಲಕ್ಕೂ ಹಳೆಯದೆಂದು ಬಹುಪಾಲು ವಿದ್ವಾಂಸರು ಒಪ್ಪುವ ಮಾರ್ಕನ ಸುವಾರ್ತೆ ದೀಕ್ಷಾಸ್ನಾನದಿಂದ ಶುರುವಾಗುತ್ತದೆ. ಅದಕ್ಕಿಂತಲೂ ಮುಂಚಿನ ಪೌಲನ ಪತ್ರಗಳಿಗೆ ಬೆತ್ಲೆಹೇಮಿನ ಸುದ್ದಿಯೇ ಇಲ್ಲ. ನಾಲ್ವರೂ ಬಿಡದೆ, ದಿನ ದಿನದ ವಿವರದೊಂದಿಗೆ ಹೇಳುವುದು ಶಿಲುಬೆಯ ಸಾವನ್ನು. ಅಂದರೆ ಮೊದಲ ತಲೆಮಾರಿನ ಕ್ರೈಸ್ತರಿಗೆ ಬೇಕಾಗಿದ್ದುದು ಆ ಸಾವಿನ ಮತ್ತು ಪುನರುತ್ಥಾನದ ಸುದ್ದಿ. ಹುಟ್ಟಿನ ಕಥೆ ಆ ಬೆಳಕಿನಲ್ಲಿ ಆಮೇಲೆ ಬರವಣಿಗೆಗೆ ಇಳಿಯಿತು. ಹಾಗೆ ಇಳಿದದ್ದರಿಂದಲೇ ಅದರ ಮೈತುಂಬ ಸಾವಿನ ಗುರುತುಗಳಿವೆ. ಲೂಕನಲ್ಲಿ ತಂಗಲು ಜಾಗ ಸಿಗದೆ ದನದ ಮೇವಿನ ತೊಟ್ಟಿಯಲ್ಲಿ ಬಟ್ಟೆ ಸುತ್ತಿ ಮಲಗಿಸಿದ ಮಗುವೇ, ಅದೇ ಪುಸ್ತಕದ ಕೊನೆಯಲ್ಲಿ ನಾರುಬಟ್ಟೆ ಸುತ್ತಿಸಿಕೊಂಡು ಬೇರೆಯವರ ಗೋರಿಯಲ್ಲಿ ಮಲಗುತ್ತಾನೆ. ಮತ್ತಾಯನ ಜ್ಞಾನಿಗಳು ತಂದ ಮೂರು ಕಾಣಿಕೆಗಳಲ್ಲಿ ಚಿನ್ನ, ಧೂಪದ ಜೊತೆ ರಕ್ತಬೋಳವೂ ಇದೆ. ಯೋಹಾನನ ಪ್ರಕಾರ ಹೆಣಕ್ಕೆ ಹಚ್ಚಿದ ಸುಗಂಧದಲ್ಲಿ ಇದ್ದದ್ದು ಅದೇ. ಹೆರೋದ ಅರಸ ಕೂಸನ್ನು ಕೊಲ್ಲಿಸಲು ಹೊರಡುತ್ತಾನೆ, ಹೆತ್ತವರು ಮಗುವನ್ನೆತ್ತಿಕೊಂಡು ಈಜಿಪ್ಟಿಗೆ ಓಡಬೇಕಾಗುತ್ತದೆ. ದೇವಾಲಯದಲ್ಲಿ ಮಗುವನ್ನು ಎತ್ತಿಕೊಂಡ ಮುದುಕ ಸಿಮೆಯೋನ ತಾಯಿಯ ಜೀವವನ್ನೂ ಕತ್ತಿ ಹಾಯಲಿದೆ ಎಂಬ ಭವಿಷ್ಯ ನುಡಿಯುತ್ತಾನೆ. ತೊಟ್ಟಿಲ ಹತ್ತಿರ ಯಾರೂ ಆಡದ ಮಾತು ಅದು.

ಹಬ್ಬದ ದಿನಾಂಕದ ಬಗ್ಗೆ ಒಂದು ಹಳೆಯ ಆಕ್ಷೇಪವಿದೆ. ಡಿಸೆಂಬರ್ 25 ರೋಮನ್ನರ ಅಜೇಯ ಸೂರ್ಯನ ಹಬ್ಬ, ಕ್ರೈಸ್ತರು ಅದನ್ನು ಎತ್ತಿಕೊಂಡು ತಮ್ಮದು ಮಾಡಿಕೊಂಡರು, ಆದ್ದರಿಂದ ಅದರಲ್ಲಿ ತತ್ತ್ವ ಹುಡುಕುವುದು ವ್ಯರ್ಥ ಎಂಬುದು ಅದರ ಸಾರ. ಔರೇಲಿಯನ್ ಚಕ್ರವರ್ತಿ ಕ್ರಿ.ಶ. 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ದೇವಾಲಯ ಕಟ್ಟಿಸಿದ್ದು ನಿಜ. ಕ್ರಿಸ್ತನ ಜನನ ಡಿಸೆಂಬರ್ 25 ಎಂದು ಸ್ಪಷ್ಟವಾಗಿ ಹೇಳುವ ರೋಮನ್ ದಾಖಲೆ ಸಿಗುವುದು 354ರ ಪಂಚಾಂಗ ಸಂಕಲನದಲ್ಲಿ ಎಂಬುದೂ ನಿಜ. ಆದರೆ ಇದಕ್ಕೆ ಸಮನಾಗಿ ನಿಲ್ಲುವ ಇನ್ನೊಂದು ವಿವರಣೆಯನ್ನು ವಿದ್ವಾಂಸರು ಮುಂದಿಟ್ಟಿದ್ದಾರೆ. ಯೇಸು ಶಿಲುಬೆಗೇರಿದ ದಿನ ಮಾರ್ಚ್ 25 ಎಂಬ ಲೆಕ್ಕ ಸುಮಾರು 200ರ ಹೊತ್ತಿಗೇ ಉತ್ತರ ಆಫ್ರಿಕದ ತೆರ್ತುಲ್ಲಿಯನ್ನನಲ್ಲಿ ಕಾಣುತ್ತದೆ. ಗರ್ಭದಲ್ಲಿ ಮೂಡಿದ್ದೂ ಪ್ರಾಣ ಬಿಟ್ಟದ್ದೂ ಒಂದೇ ತಾರೀಖಿನಂದು ಎಂಬ ನಂಬಿಕೆಯನ್ನು ಸಂತ ಅಗಸ್ಟೀನ್ ದಾಖಲಿಸಿದ್ದಾನೆ. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿದರೆ ಬರುವುದು ಡಿಸೆಂಬರ್ 25. ಪೂರ್ವದ ಸಭೆಗಳು ಸಾವಿನ ದಿನವನ್ನು ಏಪ್ರಿಲ್ 6 ಎಂದು ಎಣಿಸಿದವು. ಅಲ್ಲಿಂದ ಒಂಬತ್ತು ತಿಂಗಳಿಗೆ ಆರ್ಮೇನಿಯದವರು ಇಂದಿಗೂ ಇಟ್ಟುಕೊಂಡಿರುವ ಜನವರಿ 6. ಎರಡು ಕಡೆಯ ಲೆಕ್ಕವೂ ಹೀಗೆ ಕೂಡಿಬರುವುದನ್ನು ಸೂರ್ಯನ ಹಬ್ಬದಿಂದ ವಿವರಿಸುವುದು ಕಷ್ಟ. ಯಾವ ವಿವರಣೆ ಗೆಲ್ಲುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲವಾದರೂ ಎರಡನೆಯದರ ಕಡೆಗೇ ಹೆಚ್ಚು ತೂಕವಿದೆ ಎನ್ನಬೇಕು. ಅದು ಸರಿಯಾದರೆ ಕ್ರೈಸ್ತರು ಹುಟ್ಟಿದ ದಿನವನ್ನು ಸತ್ತ ದಿನದಿಂದ ಎಣಿಸಿ ಪಡೆದರು ಎಂದಾಯಿತು. 2016ರಲ್ಲಿ ಶಿಲುಬೆಯ ಸಾವನ್ನು ನೆನೆಯುವ ಶುಭಶುಕ್ರವಾರ ಮಾರ್ಚ್ 25ಕ್ಕೇ ಬಿದ್ದು, ಅದೇ ತಾರೀಖಿಗೆ ಬರುವ ಗರ್ಭಧಾರಣೆಯ ವಾರ್ತೆಯ ಹಬ್ಬವನ್ನು ಕ್ಯಾಥೊಲಿಕರು ಏಪ್ರಿಲ್ 4ಕ್ಕೆ ಮುಂದೂಡಬೇಕಾಯಿತು, ಹಳಬರಾಗಿದ್ದರೆ ಮುಂದೂಡುತ್ತಿರಲಿಲ್ಲವೇನೋ.

ಪಂಚಾಂಗದ ಮಿಕ್ಕ ಭಾಗವೂ ಇದೇ ದಿಕ್ಕಿನಲ್ಲಿದೆ. ಕ್ರಿಸ್‌ಮಸ್‌ನ ಮರುದಿನವೇ ಕಲ್ಲೆಸೆತದಿಂದ ಸತ್ತ ಮೊದಲ ಹುತಾತ್ಮ ಸ್ತೆಫಾನನ ಸ್ಮರಣೆ. 28ಕ್ಕೆ ಹೆರೋದ ಕೊಲ್ಲಿಸಿದ ಹಸುಳೆಗಳ ಸ್ಮರಣೆ. ಸಿಹಿ ಹಂಚುವ ವಾರದಲ್ಲಿ ಎರಡು ರಕ್ತದ ದಿನಗಳನ್ನು ಇಡಲು ಬೇರೆ ಕಾರಣ ಹೊಳೆಯುವುದಿಲ್ಲ. ಬಿಜಾಂಟಿಯಂ ಪರಂಪರೆಯ ಜನನದ ಪಟಗಳಲ್ಲಿ ಗೋದಲಿಯ ಆಕಾರ ಕಲ್ಲಿನ ಶವಪೆಟ್ಟಿಗೆಯದು, ಹಿನ್ನೆಲೆಯ ಗವಿ ಗೋರಿಯಂತೆ ಕಪ್ಪು. ಇಂದಿನ ಗೋದಲಿಯ ರೂಢಿಯನ್ನು ಜನಪ್ರಿಯಗೊಳಿಸಿದವನು ಅಸ್ಸೀಸಿಯ ಫ್ರಾನ್ಸಿಸ್. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿ ತರಿಸಿ, ಎತ್ತು, ಕತ್ತೆಗಳನ್ನು ನಿಲ್ಲಿಸಿ, ಅದರ ಬಳಿಯಲ್ಲೇ ಬಲಿಪೂಜೆ ಮಾಡಿಸಿದ. ಗೋದಲಿ ಶುರುವಾದದ್ದು ಮಕ್ಕಳ ಆಟಿಕೆಯಾಗಿ ಅಲ್ಲ, ಬಲಿಪೀಠದ ಜೋಡಿಯಾಗಿ. ಹಾನುಬಾಳಿನ ಸುತ್ತಿನ ತೋಟಗಳಲ್ಲಿ ಪಾಚಿ ಹುಡುಕಿ ತರುವ ಹುಡುಗರಿಗೆ ಗ್ರೆಚ್ಚೊದ ಹೆಸರು ಗೊತ್ತಿರಬೇಕಿಲ್ಲ. ವಿಧಿ ಅದನ್ನು ಅವರ ಪರವಾಗಿ ನೆನಪಿಟ್ಟುಕೊಂಡಿದೆ.

ಇದರ ಹಿಂದಿರುವ ತತ್ತ್ವವನ್ನು ಪೌಲ ಫಿಲಿಪ್ಪಿಯ ಸಭೆಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಅತಿ ಸಂಕ್ಷೇಪವಾಗಿ ಹೇಳುತ್ತದೆ. ದೇವರ ಸ್ಥಾನದಲ್ಲಿದ್ದವನು ಆ ಸ್ಥಾನವನ್ನು ಬಿಗಿಹಿಡಿಯದೆ ತನ್ನನ್ನು ಬರಿದು ಮಾಡಿಕೊಂಡ, ಆಳಿನ ರೂಪ ತಾಳಿದ, ಸಾವಿನವರೆಗೆ, ಅದೂ ಶಿಲುಬೆಯ ಸಾವಿನವರೆಗೆ ಇಳಿದ. ಈ ಇಳಿತದಲ್ಲಿ ಹುಟ್ಟು ಮತ್ತು ಸಾವು ಎರಡು ಘಟನೆಗಳಲ್ಲ, ಒಂದೇ ಚಲನೆಯ ಎರಡು ಕೊನೆಗಳು. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಅಥನೇಸಿಯಸ್ ಇದನ್ನು ತರ್ಕಕ್ಕೆ ಇಳಿಸಿದ: ಸಾವಿಲ್ಲದ ದೇವರಿಗೆ ಸಾಯಲು ಬರುವುದಿಲ್ಲ, ಸಾವನ್ನು ಅದರ ನೆಲದಲ್ಲೇ ಎದುರಿಸಬೇಕಾದರೆ ಸಾಯಬಲ್ಲ ಮೈಯೊಂದು ಬೇಕು, ಅದಕ್ಕಾಗಿ ದೇವರ ವಾಕ್ಯ ಮನುಷ್ಯದೇಹ ತೊಟ್ಟಿತು. ಹಾಗೆಂದರೆ ಮರಿಯಳ ಮಡಿಲಿನ ಕೂಸಿನ ಆ ಮೈ, ಹಸಿವಾದರೆ ಅಳುವ, ಚಳಿಗೆ ನಡುಗುವ ಮೈ, ಅದೇ ಮೊದಲ ಕೊಡುಗೆ. 325ರ ನೈಸಿಯ ಮಹಾಸಭೆಯಲ್ಲಿ ಏರಿಯಸ್‌ನ ವಾದವನ್ನು ತಳ್ಳಿಹಾಕಿದ್ದರ ಮಹತ್ವ ಇಲ್ಲಿದೆ. ಮಗನು ದೇವರು ಸೃಷ್ಟಿಸಿದ ಶ್ರೇಷ್ಠ ಜೀವ ಮಾತ್ರ ಎಂದು ಏರಿಯಸ್ ಹೇಳುತ್ತಿದ್ದ. ಅದನ್ನು ಒಪ್ಪಿದರೆ ದೇವರು ತಾನು ಸುಖವಾಗಿದ್ದು ಕಷ್ಟಕ್ಕೆ ಇನ್ನೊಬ್ಬನನ್ನು ಕಳುಹಿಸಿದ ಎಂದಾಗುತ್ತದೆ. ತಂದೆಯ ಸ್ವರೂಪವೇ ಮಗನ ಸ್ವರೂಪ ಎಂದು ನೈಸಿಯ ಸಾರಿದ್ದು ಕೇವಲ ಪದಗಳ ಜಗಳವಾಗಿರಲಿಲ್ಲ. ಕೊಟ್ಟವನು ಕೊಟ್ಟದ್ದು ತನ್ನನ್ನೋ ಪರರನ್ನೋ ಎಂಬ ಪ್ರಶ್ನೆ ಅಲ್ಲಿ ತೀರ್ಮಾನವಾಯಿತು.

ಈ ತೀರ್ಮಾನ ಮರೆತಾಗಲೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ತಲೆ ಎತ್ತುವುದು. ಮಗನನ್ನು ಬಲಿ ಕೊಟ್ಟು ತೃಪ್ತನಾಗುವ ತಂದೆ ಎಂಥ ತಂದೆ? ಕನ್ನಡ ಓದುಗರಿಗೆ ಇಲ್ಲಿ ‘ಕೆರೆಗೆ ಹಾರ’ ಎಂಬ ಜನಪದ ಹಾಡಿನ ಕಥೆ ನೆನಪಾಗದಿರದು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ನೋಡಿದಾಗ ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಡಬೇಕೆಂದು ಬಂತು. ಅವಳು ಎಲ್ಲ ತಿಳಿದೂ ಹೋದಳು. ಊರಿಗೆ ನೀರು ಬಂತು, ಆದರೆ ದಂಡಿನಿಂದ ಮರಳಿದ ಗಂಡ ಮಾದೇವರಾಯನಿಗೆ ಆ ಕೆರೆಯೇ ಗತಿಯಾಯಿತು. ಹಾಡು ಕೇಳಿದವರ ಮರುಕವೆಲ್ಲ ಸೊಸೆಯ ಕಡೆಗಿರುತ್ತದೆ, ಮಾವನ ಕಡೆಗೆ ಯಾರ ಮನಸ್ಸೂ ಒಲಿಯುವುದಿಲ್ಲ. ಶಿಲುಬೆಯ ಕಥೆಯಲ್ಲಿ ತಂದೆ ದೇವರನ್ನು ಮಲ್ಲನಗೌಡನ ಜಾಗದಲ್ಲಿ ನಿಲ್ಲಿಸುವ ಉಪದೇಶಗಳು ಇವೆ, ಬೇಕಾದಷ್ಟಿವೆ. ಕ್ಯಾಂಟರ್ಬರಿಯ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ಗ್ರಂಥದಲ್ಲಿ, ದೇವರ ಗೌರವಕ್ಕೆ ಮನುಷ್ಯ ಮಾಡಿದ ಕುಂದನ್ನು ಮನುಷ್ಯನೇ ತುಂಬಿಕೊಡಬೇಕು, ತುಂಬುವ ಶಕ್ತಿ ದೇವರೊಬ್ಬನಿಗೇ ಇದೆ, ಆದ್ದರಿಂದ ದೇವರೇ ಮನುಷ್ಯನಾಗಬೇಕಾಯಿತು ಎಂದು ವಾದಿಸಿದ. ಆನ್ಸೆಲ್ಮ್ ಎಚ್ಚರದಿಂದ ಬರೆದದ್ದನ್ನು ನಂತರದವರು ಒರಟಾಗಿಸಿ, ಕೋಪಗೊಂಡ ತಂದೆಯ ಏಟಿಗೆ ಮಗ ಬೆನ್ನೊಡ್ಡಿದ ಎಂಬ ಚಿತ್ರ ಮಾಡಿಬಿಟ್ಟರು. ಆ ಚಿತ್ರದ ಮೇಲಿನ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ನೈಸಿಯದ ನಂಬಿಕೆಯನ್ನು ಮುಟ್ಟುವುದಿಲ್ಲ. ಅಲ್ಲಿ ದಡದಲ್ಲಿ ನಿಂತು ಸೊಸೆಯನ್ನು ನೀರಿಗೆ ಕಳುಹಿಸುವ ಹಿರಿಯ ಇಲ್ಲ, ನೀರಿಗಿಳಿಯುವವನು ತಾನೇ. ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾನಾಗಿ ಕೊಡುತ್ತಿದ್ದೇನೆ ಎಂಬರ್ಥದ ಮಾತನ್ನು ಯೋಹಾನನ ಹತ್ತನೆಯ ಅಧ್ಯಾಯ ಯೇಸುವಿನ ಬಾಯಲ್ಲಿ ಇಡುತ್ತದೆ. ಗೆತ್ಸೆಮನೆ ತೋಟದಲ್ಲಿ ಈ ಪಾತ್ರೆ ತಪ್ಪಿಹೋಗಲಿ ಎಂದು ಅವನು ಬೇಡಿದ್ದನ್ನೂ ಸುವಾರ್ತೆಗಳು ಮುಚ್ಚಿಡಲಿಲ್ಲ. ಒಪ್ಪಿಗೆ ನೋವಿಲ್ಲದೆ ಬಂದದ್ದಲ್ಲ. ಆನ್ಸೆಲ್ಮನ ನಂತರದ ತಲೆಮಾರಿನ ಪೀಟರ್ ಅಬೆಲಾರ್ಡ್ ಶಿಲುಬೆಯನ್ನು ಪ್ರೀತಿಯ ಪ್ರಕಟಣೆ ಎಂದು ಓದಿದ್ದು ಈ ದಾರಿಯಲ್ಲೇ. ಹಬ್ಬವಾಗಿ ಕ್ರಿಸ್ತಜಯಂತಿ ಈ ಓದನ್ನು ಬೆಂಬಲಿಸುತ್ತದೆ: ಕೋಪ ತಣಿಸುವುದಷ್ಟೇ ಉದ್ದೇಶವಾಗಿದ್ದರೆ ಸಾವೊಂದು ಸಾಕಿತ್ತು, ಮೂವತ್ತು ವರ್ಷ ಬಡಗಿಯ ಮನೆಯಲ್ಲಿ ಬೆಳೆಯುವ ಅಗತ್ಯವಿರಲಿಲ್ಲ.

ಬಲಿ ಎಂದರೆ ದೇವರಿಗೆ ಮನುಷ್ಯ ಕೊಡುವುದು ಎಂಬುದು ಮಲೆನಾಡಿನ ಸಾಮಾನ್ಯ ಅನುಭವ. ಚೌಡಿಗೆ, ಗ್ರಾಮದೇವತೆಗೆ ಹರಕೆ ಹೊತ್ತು ಕೋಳಿ, ಕುರಿ ಒಪ್ಪಿಸುವ ವಾಡಿಕೆಯನ್ನು 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯೂ ಪೂರ್ತಿ ನಿಲ್ಲಿಸಲಾಗಿಲ್ಲ. ಯೇಸುವಿನ ಕಾಲದ ಜೆರುಸಲೇಮಿನಲ್ಲೂ ಹಾಗೆಯೇ ಇತ್ತು, ದೇವಾಲಯ ಕ್ರಿ.ಶ. 70ರಲ್ಲಿ ರೋಮನ್ನರ ಕೈಯಲ್ಲಿ ನಾಶವಾಗುವವರೆಗೆ ಕುರಿ, ಹೋರಿ, ಪಾರಿವಾಳಗಳ ಬಲಿ ನಡೆದೇ ಇತ್ತು. ಬಲಿಗಿಂತ ಕರುಣೆ ಬೇಕೆಂದು ಹೋಶೇಯನಂಥ ಪ್ರವಾದಿಗಳು ಶತಮಾನಗಳ ಹಿಂದೆಯೇ ಹೇಳಿದ್ದರು. ಇಬ್ರಿಯರಿಗೆ ಬರೆದ ಪತ್ರ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಸ್ತನ ಒಂದೇ ಅರ್ಪಣೆಯ ನಂತರ ಬಲಿಗಳ ಅಗತ್ಯವೇ ಮುಗಿಯಿತು ಎನ್ನುತ್ತದೆ. ಕೊಡುವ ಕೈಯೂ ಪಡೆಯುವ ಕೈಯೂ ಅದಲುಬದಲಾದದ್ದು ಇಲ್ಲಿ. ನಮ್ಮ ಪುರಾಣ, ಜನಪದ ಹಾಡುಗಳಲ್ಲಿ ತ್ಯಾಗದ ಕಥೆಗಳಿಗೆ ಕೊರತೆಯಿಲ್ಲ. ಪಾರಿವಾಳಕ್ಕಾಗಿ ತೊಡೆಯ ಮಾಂಸ ಕೊಯ್ದುಕೊಟ್ಟ ಶಿಬಿ, ವಜ್ರಾಯುಧಕ್ಕೆ ಬೆನ್ನೆಲುಬು ಕೊಟ್ಟ ದಧೀಚಿ, ಹುಲಿಯ ಮುಂದೆ ಮಾತಿಗೆ ತಪ್ಪದೆ ಬಂದು ನಿಂತ ಪುಣ್ಯಕೋಟಿ, ಇವರೆಲ್ಲ ಕ್ರಿಸ್ತನ ಕಥೆಯನ್ನು ಕನ್ನಡ ಮನಸ್ಸಿಗೆ ಹತ್ತಿರ ತರುತ್ತಾರೆ. ವ್ಯತ್ಯಾಸವನ್ನೂ ಇವರೇ ತೋರಿಸುತ್ತಾರೆ. ಶಿಬಿಯನ್ನು ಪರೀಕ್ಷಿಸಲು ಬಂದವರು ಇಂದ್ರ, ಅಗ್ನಿ. ದಧೀಚಿಯನ್ನು ಬೇಡಿದವರು ದೇವತೆಗಳು. ಕೊಡುವವನು ಮನುಷ್ಯ ಅಥವಾ ಋಷಿ, ನಿಂತು ನೋಡುವವರು ದೇವರು. ಬೆತ್ಲೆಹೇಮಿನಲ್ಲಿ ಪರೀಕ್ಷೆಗೆ ಕೂತವನು ದೇವರೇ.

ಹಾಗಾದರೆ ಇದು ಅವತಾರವಲ್ಲವೇ, ಗೀತೆಯ ನಾಲ್ಕನೆಯ ಅಧ್ಯಾಯ ಹೇಳುವುದಕ್ಕಿಂತ ಇದರಲ್ಲಿ ಹೊಸದೇನಿದೆ ಎಂಬ ಪ್ರಶ್ನೆ ಸಹಜ. ದೇವರು ಮನುಷ್ಯರ ನಡುವೆ ಇಳಿದು ಬರುತ್ತಾನೆ ಎಂಬಷ್ಟರಲ್ಲಿ ಎರಡೂ ಕೂಡುತ್ತವೆ, ಆ ಕೂಡುವಿಕೆಯನ್ನು ಸಣ್ಣದೆನ್ನಬೇಕಾಗಿಲ್ಲ. ಗೀತೆಯ ಅವತಾರ ಯುಗಯುಗದಲ್ಲೂ ಬರುತ್ತದೆ, ದುಷ್ಟರನ್ನು ಅಳಿಸಿ ಸಜ್ಜನರನ್ನು ಕಾಯುತ್ತದೆ. ಕ್ರೈಸ್ತರ ನಂಬಿಕೆಯಲ್ಲಿ ಆ ಬರವು ಒಂದೇ ಸಲ, ಮತ್ತು ಬಂದವನು ದುಷ್ಟರ ಕೈಯಲ್ಲೇ ಸಾಯುತ್ತಾನೆ, ಕೊಂದವರಿಗೆ ಕ್ಷಮೆ ಬೇಡುತ್ತಾನೆ. ಯಾವುದು ಮೇಲು ಎಂದು ತೂಗುವುದು ಈ ಲೇಖನದ ಕೆಲಸವಲ್ಲ. ಒಂದನ್ನು ಇನ್ನೊಂದರ ನಕಲು ಎನ್ನಲು ಬರುವುದಿಲ್ಲ ಎಂಬುದಷ್ಟೇ ಮಾತು. ಇಸ್ಲಾಂ ಇನ್ನೊಂದು ತುದಿಯಿಂದ ಆಕ್ಷೇಪಿಸುತ್ತದೆ. ಖುರ್‌ಆನಿನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಮರ್ಯಮರ ಹೆಸರೇ ಇದೆ, ಈಸಾ ಪ್ರವಾದಿಯ ಜನನವನ್ನು ಅದು ಆದರದಿಂದ ಹೇಳುತ್ತದೆ, ಆದರೆ ಖುರ್‌ಆನ್ ಶಿಲುಬೆಯ ಸಾವನ್ನು ಒಪ್ಪುವುದಿಲ್ಲ. ಹುಟ್ಟನ್ನು ಗೌರವಿಸಿ ಶಿಲುಬೆಯನ್ನು ಬಿಡುವುದು ಸಾಧ್ಯ ಎಂಬುದಕ್ಕೆ ಇದೇ ನಿದರ್ಶನ; ಬಿಟ್ಟಾಗ ಉಳಿಯುವುದು ಪ್ರವಾದಿಯೊಬ್ಬರ ಜನನದ ನೆನಪು, ಕ್ರೈಸ್ತರು ಹೇಳುವ ಕ್ರಿಸ್ತಜಯಂತಿ ಅಲ್ಲ.

ತತ್ತ್ವಜ್ಞರ ಆಕ್ಷೇಪ ಇದಕ್ಕಿಂತ ಸೂಕ್ಷ್ಮ. ಪೂರ್ಣನಾದ ದೇವರಿಗೆ ಕಳೆದುಕೊಳ್ಳುವುದೇನಿದೆ? ಮೂರನೆಯ ದಿನ ಎದ್ದು ಬರುವುದು ಖಚಿತವಾಗಿದ್ದರೆ ಅದು ತ್ಯಾಗವೋ ನಾಟಕವೋ? ಪ್ರಾಚೀನ ಸಭೆ ಇದನ್ನು ಅರಿಯದೆ ಇರಲಿಲ್ಲ. ದೇವರ ಸ್ವರೂಪ ನೋವನ್ನು ಮೀರಿದ್ದು ಎಂದು ಅದು ಹಿಡಿದಿತ್ತು. ಒಬ್ಬನೇ ಕ್ರಿಸ್ತನಲ್ಲಿ ದೈವಸ್ವಭಾವ, ಮನುಷ್ಯಸ್ವಭಾವ ಎರಡೂ ಕಲಸಿಹೋಗದೆ, ಬೇರೆಯಾಗದೆ ಇವೆ ಎಂದು 451ರ ಕಾಲ್ಸಿಡನ್ ಸಭೆ ತೀರ್ಮಾನಿಸಿತು. ಅದರಿಂದ ಪ್ರಶ್ನೆ ಮುಚ್ಚಿಹೋಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಸೆರೆ ಸಿಕ್ಕಿದ್ದ ಜರ್ಮನಿಯ ಧರ್ಮಶಾಸ್ತ್ರಜ್ಞ ಯೂರ್ಗನ್ ಮೋಲ್ಟ್‌ಮನ್ 1972ರಲ್ಲಿ ಪ್ರಕಟಿಸಿದ, ಶಿಲುಬೆಗೇರಿದ ದೇವರನ್ನು ಕುರಿತ ಗ್ರಂಥದಲ್ಲಿ, ನೋಯಲಾರದ ದೇವರು ಪ್ರೀತಿಸಲೂ ಆರನು ಎಂದು ವಾದಿಸಿದ. ಮಗ ಸಾಯುವುದನ್ನು ಅನುಭವಿಸಿದರೆ ತಂದೆ ಮಗನಿಲ್ಲದಿರುವುದನ್ನು ಅನುಭವಿಸುತ್ತಾನೆ ಎಂಬುದು ಅವನ ನಿಲುವು. ಕಾಲ್ಸಿಡನ್ನಿನ ಎಚ್ಚರವೂ ಮೋಲ್ಟ್‌ಮನ್‌ನ ಒತ್ತಾಯವೂ ಜೊತೆಯಾಗಿ ಉಳಿದಿವೆ. ನಾಟಕ ಎಂಬ ಆಪಾದನೆಗೆ ನೇರ ಉತ್ತರ ಸಿಗುವುದು ಹುಟ್ಟಿನ ಕಥೆಯಲ್ಲೇ: ವೇಷ ಕಳಚಬಹುದು, ಹುಟ್ಟನ್ನು ಕಳಚಲಾಗದು. ಪುನರುತ್ಥಾನದ ನಂತರವೂ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಇದ್ದೇ ಇತ್ತು ಎಂದು ಯೋಹಾನ ಬರೆಯುತ್ತಾನೆ. ತೆಗೆದುಕೊಂಡ ಮೈಯನ್ನು ದೇವರು ವಾಪಸು ಕೊಡಲಿಲ್ಲ.

ಈ ನಂಬಿಕೆ ಹಾಸನದ ನೆಲಕ್ಕೆ ಬಂದ ಚರಿತ್ರೆಯಲ್ಲಿ ಎದ್ದು ಕಾಣುವ ಹೆಸರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರದು. 1792ರಲ್ಲಿ ಭಾರತಕ್ಕೆ ಬಂದ ಅವರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಕೂಡಿಸಲು ತೊಡಗಿದರು, ಹಾಸನದ ಬಳಿ ಬೇಸಾಯಗಾರರ ವಸಾಹತುಗಳನ್ನು ನಿಲ್ಲಿಸಿದರು. ಭಾರತೀಯರ ಆಚಾರ ವಿಚಾರಗಳ ಮೇಲಿನ ಅವರ ಗ್ರಂಥ ಇಂದಿಗೂ ಓದಿಸಿಕೊಳ್ಳುತ್ತಿದೆ, ಅದರ ತೀರ್ಪುಗಳನ್ನು ಒಪ್ಪದವರೂ ಓದುತ್ತಾರೆ. ಇಲ್ಲಿಗೆ ಹೆಚ್ಚು ಪ್ರಸ್ತುತವಾದದ್ದು ಬೇರೆ. 1803–04ರಲ್ಲಿ ಸಿಡುಬಿನ ವಿರುದ್ಧ ಹೊಸದಾಗಿ ಬಂದಿದ್ದ ದೇವಿ ಹಾಕಿಸುವ ಕೆಲಸಕ್ಕೆ ಅವರು ಇಳಿದು, 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಮೂವತ್ತು ವರ್ಷದ ದುಡಿಮೆಯ ಕೊನೆಗೆ 1823ರಲ್ಲಿ ಅವರು ಪ್ರಕಟಿಸಿದ ಪತ್ರಗಳು ಭಾರತದಲ್ಲಿ ಮತಪ್ರಚಾರ ಫಲಿಸುವುದಿಲ್ಲ ಎಂಬ ನಿರಾಶೆಯಿಂದ ತುಂಬಿವೆ. ಅದೇ ವರ್ಷ ಅವರು ದೇಶ ಬಿಟ್ಟರು. ಬೋಧನೆ ಸೋತಿತು ಎಂದು ಬರೆದ ಮನುಷ್ಯನ ಸೇವೆ ಸೋಲಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಇಗರ್ಜಿ ಕಟ್ಟಿದರು. ಗೊರೂರಿನ ಹೇಮಾವತಿ ಅಣೆಕಟ್ಟು ಎದ್ದಾಗ ಊರು ಸ್ಥಳಾಂತರಗೊಂಡಿತು. ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರ್ಧ ಮುಳುಗುವ ಆ ಕಮಾನುಗಳ ಮುಂದೆ ಈಗ ಫೋಟೊ ತೆಗೆಸಿಕೊಳ್ಳುವವರದೇ ಸಾಲು. ಪ್ರಾಟೆಸ್ಟಂಟರಲ್ಲಿ ವೆಸ್ಲಿಯನ್ ಮೆಥಡಿಸ್ಟರು ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ನಡೆಸಿದರು. 1947ರಲ್ಲಿ ದಕ್ಷಿಣ ಭಾರತ ಸಭೆ ಕೂಡಿಬಂದಾಗ ಅವರು ಅದರ ಭಾಗವಾದರು.

ಇಂಥ ಸೇವೆಯೆಲ್ಲ ಮತಾಂತರದ ಗಾಳ ಎಂಬ ದೂರು ಕರ್ನಾಟಕದಲ್ಲಿ ಆಗಾಗ ಕೇಳಿಬರುತ್ತದೆ. ದೂರನ್ನು ತಳ್ಳಿಹಾಕುವ ಮುನ್ನ ಅದನ್ನು ಹಬ್ಬದ ತತ್ತ್ವದಿಂದಲೇ ಅಳೆಯಬಹುದು. ಗೋದಲಿಯ ಮಗು ಯಾರಿಗೂ ಷರತ್ತು ಹಾಕುವುದಿಲ್ಲ. ಮೊದಲು ನೋಡಲು ಬಂದ ಕುರುಬರು ನೋಡಿ ತಮ್ಮ ಕುರಿಗಳ ಬಳಿಗೆ ಹಿಂತಿರುಗಿದರು, ಜ್ಞಾನಿಗಳು ತಮ್ಮ ದೇಶಕ್ಕೆ ಹೋದರು. ಪ್ರತಿಫಲದ ಲೆಕ್ಕ ಇಟ್ಟುಕೊಂಡು ಕೊಟ್ಟ ಔಷಧಿ, ಓದಿಸಿದ ಶಾಲೆ ಎಲ್ಲಿಯಾದರೂ ಇದ್ದರೆ ಅದು ಕ್ರೈಸ್ತರ ಈ ಅಳತೆಯಲ್ಲೇ ಸೋತಂತೆ. ಲೆಕ್ಕವಿಡದೆ ಕೊಟ್ಟದ್ದನ್ನು ಗಾಳ ಎನ್ನುವುದಕ್ಕೆ ಆಧಾರ ಬೇಕು. ದೇವಿ ಹಾಕಿಸಿಕೊಂಡ ಆ ಸಾವಿರಾರು ಜನರ ಊರುಗಳು ಇಗರ್ಜಿಯ ಊರುಗಳಾಗಲಿಲ್ಲ.

ಕಾಫಿ ತೋಟದ ಸೀಮೆಯಲ್ಲಿ ಏಳುವ ಆಕ್ಷೇಪ ಇನ್ನೂ ಹತ್ತಿರದ್ದು. ತ್ಯಾಗದ ಉಪದೇಶ ಉಳ್ಳವರಿಗೆ ಅನುಕೂಲ, ಇಲ್ಲದವರಿಗೆ ಸಂಕೋಲೆ. ಬೆಳಗಿನ ಇಬ್ಬನಿಯಲ್ಲಿ ಸೊಂಟಕ್ಕೆ ಚೀಲ ಕಟ್ಟಿ ಗಿಡಕ್ಕೆ ಬಾಗಿ, ಸಂಜೆ ತಕ್ಕಡಿಯ ಮುಂದೆ ಕೆ.ಜಿ. ಲೆಕ್ಕಕ್ಕೆ ನಿಲ್ಲುವ ಹೆಂಗಸಿಗೆ, ತನ್ನನ್ನು ಬರಿದು ಮಾಡಿಕೊಂಡ ದೇವರ ಕಥೆ ಹೇಳಿದರೆ ಅದು ಇದ್ದದ್ದರಲ್ಲೇ ಇರು ಎಂದಂತೆ ಕೇಳಿಸಬಹುದು. ಹಾಗೆ ಕೇಳಿಸುವಂತೆ ಹೇಳಿದವರೂ ಇದ್ದಾರೆ. ಆದರೆ ಪೌಲನ ಮಾತಿನಲ್ಲಿ ಇಳಿಯುವವನು ಮೇಲಿದ್ದವನು. ಐಶ್ವರ್ಯವಿದ್ದವನು ಬಡವನಾದ ಎಂದು ಕೊರಿಂಥದವರಿಗೆ ಅವನು ಬರೆದದ್ದು, ಉಳ್ಳ ಸಭೆಯಿಂದ ಹಣ ಕೂಡಿಸಿ ಇಲ್ಲದ ಸಭೆಗೆ ಕಳುಹಿಸುವ ಸಂದರ್ಭದಲ್ಲಿ. ಕೊಡಬೇಕಾದವರು ಯಾರು ಎಂಬುದರಲ್ಲಿ ಅಲ್ಲಿ ಗೊಂದಲವಿಲ್ಲ. ಲೂಕನ ಮೊದಲ ಅಧ್ಯಾಯದಲ್ಲಿ ಬಸುರಿ ಮರಿಯ ಹಾಡುವ ಹಾಡಂತೂ ಅಧಿಕಾರಸ್ಥರು ಗದ್ದುಗೆಯಿಂದ ಬೀಳುವುದನ್ನೂ, ಹಸಿದವರ ಹೊಟ್ಟೆ ತುಂಬುವುದನ್ನೂ, ಉಳ್ಳವರು ಬರಿಗೈಯಲ್ಲಿ ಹೋಗುವುದನ್ನೂ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಲ್ಯಾಟಿನ್ ಅಮೆರಿಕದಲ್ಲಿ ವಿಮೋಚನಾ ಧರ್ಮಶಾಸ್ತ್ರದವರು ಹಿಡಿದದ್ದು ಈ ಹಾಡನ್ನೇ. ಕೂಲಿಯವರಿಗೆ ವಸತಿ, ನೀರು, ವೈದ್ಯ ಸೌಲಭ್ಯ ಕೊಡಬೇಕೆಂದ 1951ರ ತೋಟ ಕಾರ್ಮಿಕರ ಕಾಯ್ದೆ ಯಾವ ಧರ್ಮದಿಂದಲೂ ಬಂದದ್ದಲ್ಲ. ಆದರೂ ಲೈನು ಮನೆಯ ಸೂರು ಸೋರುತ್ತಿರುವಾಗ ತೋಟದ ಬಂಗಲೆಯಲ್ಲಿ ದೊಡ್ಡ ಗೋದಲಿ ಕಟ್ಟಿದರೆ, ತಪ್ಪು ಕಥೆಯದಲ್ಲ. ಹಬ್ಬದ ವಾರದಲ್ಲಿ ಕರಾವಳಿ ಮೂಲದ ಮನೆಗಳಿಂದ ಹೊರಡುವ ಕುಸ್ವಾರಿನ, ಎಂದರೆ ಹಬ್ಬದ ತಿಂಡಿಗಳ, ತಟ್ಟೆ ನೆರೆಹೊರೆಯ ಎಲ್ಲ ಜಾತಿಮತಗಳ ಮನೆಗೂ ಹೋಗುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ ತುಂಬಿದ ನೆವ್ರಿ, ಫೋರ್ಕಿನ ಬೆನ್ನ ಮೇಲೆ ಸುರುಳಿ ಸುತ್ತಿ ಕರಿದ ಕಿಡಿಯೊ, ಅಚ್ಚಿನಲ್ಲಿ ಅರಳಿಸಿದ ಗುಲಾಬಿ ಹೂವಿನ ತಿಂಡಿ ಅದರಲ್ಲಿರುತ್ತವೆ. ಸಂಕ್ರಾಂತಿಗೆ ಎಳ್ಳು ಬೀರಿದಂತೆ ಇದೂ ಸಲೀಸಾಗಿ ಊರಿನ ವಾಡಿಕೆಯಾಗಿದೆ.

ಕನ್ನಡ ಬರಹದಲ್ಲಿ ಈ ತತ್ತ್ವ ಹೊಕ್ಕ ಬಗೆಯೂ ಗಮನಾರ್ಹ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲ್ 1894ರ ನಿಘಂಟಿಗೆ ಹೆಸರಾದವರು. ಅದಕ್ಕೆ ಬಹಳ ಮೊದಲೇ, 1862ರಲ್ಲಿ, ಯೇಸುವಿನ ಜೀವನವನ್ನು ದೇಶೀ ಛಂದಸ್ಸಿನಲ್ಲಿ ಕಥಾಮಾಲೆ ಎಂಬ ಕಾವ್ಯವಾಗಿ ಬರೆದರು. 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಯಜ್ಞಸುಧಾನಿಧಿ ವೈದಿಕ ಯಜ್ಞದ ವಿಚಾರವನ್ನು ಎತ್ತಿಕೊಂಡು ಕ್ರಿಸ್ತನ ಬಲಿಯ ಕಡೆಗೆ ನಡೆಯುತ್ತದೆ. ಕಿಟೆಲ್ಲರಿಗೆ ಸಾಬೀತುಪಡಿಸುವ ಉತ್ಸಾಹವಿತ್ತು, ಅದು ಮಿಷನರಿಯ ಉತ್ಸಾಹ. ಮಂಜೇಶ್ವರದ ಎಂ. ಗೋವಿಂದ ಪೈಗಳಿಗೆ ಅಂಥ ಹಂಗಿರಲಿಲ್ಲ. ಗೌಡ ಸಾರಸ್ವತ ಮನೆತನದ ಈ ಕವಿ, ಬುದ್ಧನ ಕೊನೆಯ ದಿನವನ್ನು ವೈಶಾಖಿಯಲ್ಲಿ ಹಾಡಿದಂತೆಯೇ, ಯೇಸುವಿನ ಕೊನೆಯ ದಿನವನ್ನು ಗೊಲ್ಗೊಥಾ ಎಂಬ ಖಂಡಕಾವ್ಯದಲ್ಲಿ ಹಾಡಿದರು. ಕ್ರೈಸ್ತರಲ್ಲದ ಕನ್ನಡ ಕವಿಯೊಬ್ಬರು ಯೇಸುವಿನ ಜೀವನದಿಂದ ಒಂದು ದಿನವನ್ನು ಆರಿಸಿಕೊಳ್ಳುವಾಗ ಬೆತ್ಲೆಹೇಮಿನ ರಾತ್ರಿಯನ್ನು ಬಿಟ್ಟು ಶಿಲುಬೆಯ ಗುಡ್ಡವನ್ನು ಆರಿಸಿದರು; ಮಾರ್ಕ ಮತ್ತು ಪೌಲ ಕಥೆಯನ್ನು ಹಿಡಿದದ್ದೂ ಆ ಕೊನೆಯಿಂದಲೇ.